ಕ್ಯಾಂಪರ್ ಎಳೆಯಬೇಕು, ಬೈಕನ್ನೂ ಹೊರಬೇಕು: ಯಾವ ಗಾಡಿ ಕೊಳ್ಳೋದು?

ಅಮೆರಿಕದಲ್ಲಿರುವ ಕನ್ನಡಿಗ ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು: "ಹಿಂದೆ ಕ್ಯಾಂಪರ್ ಕಟ್ಟಿಕೊಂಡು ಹೆಂಡತಿ ಮಕ್ಕಳ ಜೊತೆ ಯೂಟಾ, ಕೊಲರಾಡೋ ಸುತ್ತಬೇಕು. ಅಲ್ಲಿ ಓಡಿಸೋಕೆ ನನ್ನ ಬೈಕೂ ಜೊತೆಗಿರಬೇಕು. ಯಾವ ಟ್ರಕ್ ತಗೊಳ್ಳಲಿ?" ಕ್ಯಾಂಪರ್ ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆಯುವ, ಒಳಗೆ ಮಲಗಲು ಜಾಗವಿರುವ ಟ್ರೇಲರ್. ಟ್ರಕ್ ಅಂದರೆ ಇಲ್ಲಿ ಲಾರಿಯಲ್ಲ, ಪಿಕಪ್. ಕೇಳುವವರಲ್ಲಿ ಹೆಚ್ಚಿನವರು ಜಾಹೀರಾತಿನ ಒಂದು ಅಂಕಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತಾರೆ. "ಈ ಟ್ರಕ್ 11,000 ಪೌಂಡ್ ಎಳೆಯುತ್ತದಂತೆ, ನನ್ನ ಕ್ಯಾಂಪರ್ 5,500 ಪೌಂಡ್ ಅಷ್ಟೇ. ಸಾಕಲ್ವಾ?"

ಬೈಕ್ ಇಲ್ಲದಿದ್ದರೆ ಬಹುಶಃ ಸಾಕು. ಬೈಕ್ ಹತ್ತಿತು ಅಂದ ಕೂಡಲೇ ಲೆಕ್ಕ ಬೇರೆ. ನಿಮ್ಮನ್ನು ಕಟ್ಟಿಹಾಕುವುದು ಎಳೆಯುವ ಶಕ್ತಿಯಲ್ಲ, ಹೊರುವ ಶಕ್ತಿ. ಗಾಡಿ ಎಷ್ಟು ಎಳೆಯುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಎಷ್ಟು ಹೊರುತ್ತದೆ ಎಂದು ಕೇಳುವವರು ಕಡಿಮೆ. ಕುಟುಂಬವನ್ನು ಕೂರಿಸಿಕೊಂಡು ಹೋಗುವ ಗಾಡಿ ಇದು, ಆದ್ದರಿಂದ ಸ್ವಲ್ಪ ನಿಧಾನವಾಗಿಯೇ ನೋಡೋಣ.

ಮೊದಲು ಗೊತ್ತಿರಬೇಕಾದ ಪದಗಳು

ಟೋ ರೇಟಿಂಗ್: ಗಾಡಿ ಎಳೆಯಬಲ್ಲ ಟ್ರೇಲರ್‌ನ ಗರಿಷ್ಠ ತೂಕ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಇದೇ.

ಪೇಲೋಡ್: ಗಾಡಿ ತನ್ನ ಮೈಮೇಲೆ ಹೊರಬಲ್ಲ ತೂಕ. ಓಡಿಸುವವರು, ಕುಟುಂಬ, ಸಾಮಾನು, ಬೈಕ್ ಎಲ್ಲವೂ ಇದರಲ್ಲಿ ಬರುತ್ತದೆ. ಕ್ಯಾಂಪರ್‌ನ ಮೂತಿ ಟ್ರಕ್ಕಿನ ಮೇಲೆ ಒರಗುವ ಭಾರ ಕೂಡ ಇದರ ಲೆಕ್ಕಕ್ಕೇ ಸೇರುತ್ತದೆ.

ಟಂಗ್ ವೇಟ್: ಆ ಮೂತಿಯ ಭಾರವೇ ಇದು. ತುಂಬಿದ ಕ್ಯಾಂಪರ್‌ನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಇರಬೇಕು. ಎತ್ತಿನ ಗಾಡಿಯಲ್ಲಿ ಹಿಂದೆ ಜಾಸ್ತಿ ಹೇರಿದರೆ ನೊಗ ಮೇಲೇಳುತ್ತದಲ್ಲ, ಟ್ರೇಲರಿನ ಕತೆಯೂ ಅದೇ. ಮೂತಿ ಹಗುರವಾದರೆ ಹೈವೇಯಲ್ಲಿ ಟ್ರೇಲರ್ ಅತ್ತಿತ್ತ ಹೊಯ್ದಾಡತೊಡಗುತ್ತದೆ.

ಜಿವಿಡಬ್ಲ್ಯುಆರ್: ಒಂದು ಗಾಡಿ ತನ್ನ ಸ್ವಂತ ತೂಕ, ಹೇರಿದ ತೂಕ ಎರಡೂ ಸೇರಿ ಮೀರಬಾರದ ಮಿತಿ. ಟ್ರಕ್ಕಿಗೆ ಒಂದು, ಕ್ಯಾಂಪರ್‌ಗೆ ಒಂದು. ಹಿಂದಿನ ಆಕ್ಸಲ್‌ಗೂ ಬೇರೆಯೇ ಮಿತಿ ಇರುತ್ತದೆ. ಆಕ್ಸಲ್ ಅಂದರೆ ಎರಡು ಬದಿಯ ಚಕ್ರಗಳನ್ನು ಕೂಡಿಸುವ ಅಚ್ಚು.

ಬೆಡ್ ಅಂದರೆ ಪಿಕಪ್ ಟ್ರಕ್ಕಿನ ಹಿಂದಿನ ತೊಟ್ಟಿ. ಟೇಲ್‌ಗೇಟ್ ಅಂದರೆ ಅದರ ಕೆಳಕ್ಕೆ ತೆರೆಯುವ ಬಾಗಿಲು. 1 ಕಿಲೋ ಅಂದರೆ ಸುಮಾರು 2.2 ಪೌಂಡ್.

ಹಂತ 1: ಬೈಕ್ ಎಲ್ಲಿ ಕೂರುತ್ತದೆ?

ಗಾಡಿ ಯಾವುದು ಎಂದು ಯೋಚಿಸುವ ಮೊದಲು ಇದು ತೀರ್ಮಾನವಾಗಬೇಕು. ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ.

ಟ್ರಕ್ಕಿನ ಬೆಡ್‌ನಲ್ಲಿ ನಿಲ್ಲಿಸುವುದು ಹೆಚ್ಚಿನವರಿಗೆ ಸರಿಹೋಗುವ ದಾರಿ. ಆಗ ಕ್ಯಾಂಪರ್ ಬಂಪರ್ ಪುಲ್ ಆಗಿರಲೇಬೇಕು, ಅಂದರೆ ಟ್ರಕ್ಕಿನ ಹಿಂಬದಿಯ ಹಿಚ್ ಎಂಬ ಕೊಂಡಿಯ ಗುಂಡಿನ ಮೇಲೆ ಕೂರಿಸಿ ಕಟ್ಟುವಂಥದ್ದು. ಫಿಫ್ತ್ ವೀಲ್ ಎಂಬ ದೊಡ್ಡ ಕ್ಯಾಂಪರ್‌ಗಳ ಕೊಂಡಿ ಬೆಡ್‌ನ ಒಳಗೇ ಕೂರುತ್ತದೆ. ಅಲ್ಲಿ ಬೈಕಿಗೆ ಜಾಗವೇ ಉಳಿಯುವುದಿಲ್ಲ.

ಟಾಯ್ ಹಾಲರ್ ಎರಡನೇ ದಾರಿ. ಇದು ಹಿಂಬದಿಯಲ್ಲಿ ಗ್ಯಾರೇಜ್ ಇರುವ ಕ್ಯಾಂಪರ್. ಹಿಂದಿನ ಗೋಡೆಯೇ ಇಳಿದು ರ‍್ಯಾಂಪ್ ಆಗುತ್ತದೆ. ಭಾರದ ಬೈಕ್ ಇದ್ದವರಿಗೆ, ಎರಡು ಬೈಕ್ ಒಯ್ಯುವವರಿಗೆ ನಾನು ಇದನ್ನೇ ಹೇಳುತ್ತೇನೆ. ಆದರೆ ಟಾಯ್ ಹಾಲರ್ ತಾನೇ ಭಾರ. ಗ್ಯಾರೇಜ್ ಖಾಲಿ ಇದ್ದಾಗ ಮೂತಿಯ ಭಾರ ಇನ್ನೂ ಜಾಸ್ತಿ, ಯಾಕೆಂದರೆ ಹಿಂದೆ ಬೈಕ್ ಬರುತ್ತದೆ ಎಂಬ ಲೆಕ್ಕದಲ್ಲೇ ಅದನ್ನು ಕಟ್ಟಿರುತ್ತಾರೆ. ಹಾಗಾಗಿ ಬೈಕ್ ಇದ್ದಾಗ, ಇಲ್ಲದಾಗ ಎರಡೂ ಲೆಕ್ಕ ಹಾಕಿ. ಮಲಗುವ ಜಾಗವೂ ಪೆಟ್ರೋಲ್ ತುಂಬಿದ ಬೈಕೂ ಒಂದೇ ಸೂರಿನಡಿ ಇರುತ್ತವೆ. ರಾತ್ರಿ ಬೈಕನ್ನು ಹೊರಗೆ ನಿಲ್ಲಿಸಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೆಲಸ ಮಾಡುತ್ತಿದೆಯೇ ಎಂದು ಪ್ರತಿ ಸಲವೂ ನೋಡಿ.

ಮೂರನೆಯದು ದೊಡ್ಡ ವ್ಯಾನ್. ಫೋರ್ಡ್ ಟ್ರಾನ್ಸಿಟ್‌ನಂಥ ಕಾರ್ಗೋ ವ್ಯಾನಿನ ಒಳಗೆ ಬೈಕ್, ಹಿಂದೆ ಸಣ್ಣ ಕ್ಯಾಂಪರ್. ಇಬ್ಬರೇ ಹೋಗುವುದಾದರೆ ಇದು ಒಳ್ಳೆಯ ಆಯ್ಕೆ. ಬೈಕಿಗೆ ಮಳೆಯ ಭಯವಿಲ್ಲ, ಕಳ್ಳರ ಭಯ ಕಡಿಮೆ, ನೆಲವೂ ಪಿಕಪ್‌ಗಿಂತ ತಗ್ಗು. ಮಕ್ಕಳಿದ್ದರೆ ಸೀಟಿನ ಸಮಸ್ಯೆ ಬರುತ್ತದೆ. ಪೆಟ್ರೋಲ್ ವಾಸನೆ ಒಳಗೇ ಸುತ್ತುತ್ತದೆ ಎಂಬುದೂ ನೆನಪಿರಲಿ.

ಇನ್ನು ಮಾಡಲೇಬಾರದ್ದು. ಕ್ಯಾಂಪರ್‌ನ ಹಿಂದಿನ ಬಂಪರ್‌ಗೆ ಕ್ಯಾರಿಯರ್ ಸಿಕ್ಕಿಸಿ ಅದರ ಮೇಲೆ ಬೈಕ್ ನಿಲ್ಲಿಸಬೇಡಿ. ಆ ಚೌಕದ ಬಂಪರ್ ತೆಳು ತಗಡಿನದು. ಕೊಳಚೆ ನೀರಿನ ಪೈಪ್ ಇಡಲು, ಹೆಚ್ಚೆಂದರೆ ಸ್ಟೆಪ್ನಿ ಹೊರಲು ಮಾಡಿದ್ದು. ಅದು ಮುರಿಯದೆ ಉಳಿದರೂ ಇನ್ನೊಂದು ಅಪಾಯ ಇದೆ. ಆಕ್ಸಲ್‌ಗಿಂತ ಅಷ್ಟು ಹಿಂದೆ 400 ಪೌಂಡ್ ತೂಗಿದರೆ ಮೂತಿ ಎದ್ದು ಟ್ರೇಲರ್ ಹೊಯ್ದಾಡುತ್ತದೆ. "ಸುಮ್ನೆ 50 ಮೈಲಿ ತಾನೇ" ಎಂದುಕೊಂಡು ಕೂಡ ಇದನ್ನು ಮಾಡಬೇಡಿ.

ಕ್ಯಾಂಪರ್‌ನ ಹಿಂದೆ ಮತ್ತೊಂದು ಸಣ್ಣ ಟ್ರೇಲರ್ ಕಟ್ಟುವವರೂ ಇದ್ದಾರೆ. ಕೆಲವು ರಾಜ್ಯಗಳಲ್ಲಿ ಷರತ್ತಿನ ಮೇಲೆ ಇದಕ್ಕೆ ಅವಕಾಶವಿದೆ, ಹಲವು ರಾಜ್ಯಗಳಲ್ಲಿ ಇಲ್ಲ. ಒಂದು ಗಡಿ ದಾಟಿದ ಕೂಡಲೇ ತಪ್ಪಾಗುವ ವ್ಯವಸ್ಥೆಯನ್ನು ನಂಬಿ ದುಡ್ಡು ಹಾಕಬೇಡಿ.

ಸಬರ್ಬನ್, ಎಕ್ಸ್‌ಪೆಡಿಷನ್‌ನಂಥ ದೊಡ್ಡ ಎಸ್‌ಯುವಿಗಳು ಕ್ಯಾಂಪರ್ ಎಳೆಯಲು ಚೆನ್ನಾಗಿವೆ. ಬೈಕ್ ಇಡಲು ಮಾತ್ರ ಅಲ್ಲಿ ಜಾಗವಿಲ್ಲ. ಟಾಯ್ ಹಾಲರ್ ಅಲ್ಲದಿದ್ದರೆ ಅವನ್ನು ಪಟ್ಟಿಯಿಂದ ತೆಗೆಯಿರಿ.

ಹಂತ 2: ಬೈಕಿನ ತೂಕ, ಉದ್ದ ಬರೆದುಕೊಳ್ಳಿ

ಪೆಟ್ರೋಲ್ ತುಂಬಿದ ತೂಕ ಬೇಕು. ಹೋಂಡಾ ಸಿಆರ್‌ಎಫ್300ಎಲ್ ಸುಮಾರು 310 ಪೌಂಡ್. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಸುಮಾರು 440. ಬಿಎಂಡಬ್ಲ್ಯು ಆರ್1250ಜಿಎಸ್ ಸುಮಾರು 550. ಹಾರ್ಲಿಯ ದೊಡ್ಡ ಟೂರಿಂಗ್ ಬೈಕ್‌ಗಳು 800 ದಾಟುತ್ತವೆ. ಪೆಟ್ಟಿಗೆ, ಕ್ರ್ಯಾಶ್ ಗಾರ್ಡ್ ಹಾಕಿಸಿದ್ದರೆ ಅದನ್ನೂ ಸೇರಿಸಿ.

ಪಿಕಪ್‌ನ ಬೆಡ್ ನೆಲದಿಂದ ಸುಮಾರು 3 ಅಡಿ ಎತ್ತರದಲ್ಲಿರುತ್ತದೆ. ಅಷ್ಟೆತ್ತರಕ್ಕೆ 440 ಪೌಂಡಿನ ಬೈಕ್ ಹತ್ತಿಸಲು ಇಬ್ಬರು ಬೇಕು. 550ರ ಬೈಕಿಗೆ ಅಭ್ಯಾಸವೂ ಬೇಕು. 800 ಪೌಂಡಿನದ್ದಾದರೆ ಬೆಡ್‌ನ ಆಸೆ ಬಿಟ್ಟು ಟಾಯ್ ಹಾಲರ್ ನೋಡಿ.

ಉದ್ದವೂ ಮುಖ್ಯ. ಇಂಥ ಬೈಕ್‌ಗಳು ಸಾಮಾನ್ಯವಾಗಿ 84ರಿಂದ 88 ಇಂಚು ಉದ್ದ. ಬೆಡ್ 5.5 ಅಡಿ, 6.5 ಅಡಿ, 8 ಅಡಿ ಹೀಗೆ ಸಿಗುತ್ತವೆ. 8 ಅಡಿಯದರಲ್ಲಿ ಬೈಕ್ ನೇರವಾಗಿ ನಿಲ್ಲುತ್ತದೆ. 6.5 ಅಡಿಯದರಲ್ಲಿ ಓರೆಯಾಗಿ ನಿಲ್ಲಿಸಿದರೆ ಸಾಮಾನ್ಯವಾಗಿ ಟೇಲ್‌ಗೇಟ್ ಮುಚ್ಚಬಹುದು. 5.5 ಅಡಿಯದರಲ್ಲಿ ಟೇಲ್‌ಗೇಟ್ ತೆರೆದೇ ಇರಬೇಕಾಗುತ್ತದೆ.

"ತೆರೆದಿದ್ದರೆ ಏನಾಯ್ತು?" ಅನ್ನಬೇಡಿ. ಬರೀ ಬೈಕ್ ಒಯ್ಯುವಾಗ ಏನೂ ಆಗದು. ಕ್ಯಾಂಪರ್ ಕಟ್ಟಿದಾಗ ಟೇಲ್‌ಗೇಟಿನ ಕೆಳಗೇ ಟ್ರೇಲರ್‌ನ ಮೂತಿ ಇರುತ್ತದೆ. ಅದರ ಮೇಲೆ ನಿಂತಿರುವ ಜಾಕ್, ಹಿಂದಿರುವ ಗ್ಯಾಸ್ ಸಿಲಿಂಡರ್‌ಗಳು ಎಲ್ಲ ಅಲ್ಲೇ. ನೇರ ರಸ್ತೆಯಲ್ಲಿ ತಾಗದಿದ್ದದ್ದು ತಿರುವಿನಲ್ಲಿ, ಹಳ್ಳ ಇಳಿಯುವಾಗ, ರಿವರ್ಸ್ ತೆಗೆಯುವಾಗ ತಾಗುತ್ತದೆ. ಬೈಕಿನ ಭಾರವೂ ಹಿಂದಕ್ಕೆ ಸರಿದು ಹಿಂದಿನ ಆಕ್ಸಲ್‌ನ ಮೇಲೆ ಇನ್ನಷ್ಟು ಕೂರುತ್ತದೆ. ಬೈಕ್ ಬೆಡ್‌ನಲ್ಲಿ ಅನ್ನುವುದಾದರೆ 6.5 ಅಡಿಗಿಂತ ಕಡಿಮೆಯ ಬೆಡ್ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಶೋರೂಮಿಗೆ ಟೇಪ್ ಹಿಡಿದುಕೊಂಡೇ ಹೋಗಿ.

ಹಂತ 3: ಕ್ಯಾಂಪರ್‌ನ ನಿಜವಾದ ತೂಕ

ಕರಪತ್ರದಲ್ಲಿ ಡ್ರೈ ವೇಟ್ ಎಂದು ಬರೆದಿರುತ್ತಾರೆ. ಅದು ಖಾಲಿ ಪೆಟ್ಟಿಗೆಯ ತೂಕ. ನೀರಿಲ್ಲ, ಪಾತ್ರೆಯಿಲ್ಲ, ಹಾಸಿಗೆ ಹೊದಿಕೆಯಿಲ್ಲ. ಹಲವು ಸಲ ಬ್ಯಾಟರಿಯನ್ನೂ ಸೇರಿಸಿರುವುದಿಲ್ಲ. ನೀರು ಒಂದು ಗ್ಯಾಲನ್‌ಗೆ 8.3 ಪೌಂಡ್ ತೂಗುತ್ತದೆ. 40 ಗ್ಯಾಲನ್ ಟ್ಯಾಂಕ್ ತುಂಬಿದರೆ ಅದೊಂದೇ 330 ಪೌಂಡ್ ದಾಟಿತು. ಕುಕ್ಕರ್, ಅಕ್ಕಿ, ಕುರ್ಚಿ, ಮಕ್ಕಳ ಸೈಕಲ್ ಎಲ್ಲ ಸೇರಿದರೆ 1,000 ಪೌಂಡ್ ಏರುವುದು ಮಾಮೂಲು.

ಆದ್ದರಿಂದ ಲೆಕ್ಕಕ್ಕೆ ಕ್ಯಾಂಪರ್‌ನ ಜಿವಿಡಬ್ಲ್ಯುಆರ್ ಅನ್ನೇ ಹಿಡಿಯಿರಿ. ಅದು ಕ್ಯಾಂಪರ್‌ನ ಹೊರಗಡೆ, ಎಡಬದಿಯಲ್ಲಿ ಅಂಟಿಸಿರುವ ಚೀಟಿಯಲ್ಲಿರುತ್ತದೆ.

ಹಂತ 4: ಬಾಗಿಲ ಚೀಟಿ ಓದಿ, ಕೂಡಿಸಿ ಕಳೆಯಿರಿ

ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನಲ್ಲಿ ಹಳದಿ ಪಟ್ಟಿಯ ಒಂದು ಚೀಟಿ ಕಾಣುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಅದೇ ಆ ಗಾಡಿಯ ಪೇಲೋಡ್. ಕರಪತ್ರದ ಅಂಕಿ ಬೇಡ, ಸೇಲ್ಸ್‌ನವರ ಮಾತೂ ಬೇಡ. ಒಂದೇ ಮಾಡೆಲ್‌ನ ಎರಡು ಟ್ರಕ್ಕುಗಳಲ್ಲೂ ಇದು ನೂರಾರು ಪೌಂಡ್ ವ್ಯತ್ಯಾಸ ಇರಬಹುದು. ಗಾಜಿನ ಛಾವಣಿ, ಮೋಟರಿನ ಸೀಟು, ಫೋರ್ ವೀಲ್ ಡ್ರೈವ್, ಹೀಗೆ ಸೌಕರ್ಯ ಏರಿದಷ್ಟೂ ಪೇಲೋಡ್ ಇಳಿಯುತ್ತದೆ.

ಈಗ ಒಂದು ಲೆಕ್ಕ ಮಾಡೋಣ. ಹಾಫ್ ಟನ್ ಟ್ರಕ್, ಅಂದರೆ ಫೋರ್ಡ್ ಎಫ್-150, ರ‍್ಯಾಮ್ 1500, ಸಿಲ್ವರಾಡೋ 1500, ಟಂಡ್ರಾ ವರ್ಗದ್ದು. ಚೀಟಿಯಲ್ಲಿ 1,600 ಪೌಂಡ್ ಇದೆ ಅಂದುಕೊಳ್ಳಿ.

ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು: 440
ಕ್ಯಾಬಿನ್‌ನ ಸಾಮಾನು, ತಿಂಡಿ, ಐಸ್ ಪೆಟ್ಟಿಗೆ: 60
ಹಿಮಾಲಯನ್ ಬೈಕ್: 440
ರ‍್ಯಾಂಪ್, ಬೆಲ್ಟ್, ವೀಲ್ ಚಾಕ್, ಹೆಲ್ಮೆಟ್: 60
ಹಿಚ್‌ನ ಕಬ್ಬಿಣ: 90
5,500 ಪೌಂಡ್ ಕ್ಯಾಂಪರ್‌ನ ಟಂಗ್ ವೇಟ್, ಶೇ. 13ರಂತೆ: 715

ಒಟ್ಟು 1,805. ಮಿತಿಗಿಂತ 205 ಪೌಂಡ್ ಜಾಸ್ತಿ! ಟೋ ರೇಟಿಂಗ್‌ನ ಅರ್ಧವನ್ನಷ್ಟೇ ಬಳಸಿದ್ದೀರಿ, ಆದರೂ ಟ್ರಕ್ ಸೋತಿದೆ. ಬೈಕನ್ನೂ ಅದರ ಸಾಮಾನನ್ನೂ ಕೆಳಗಿಳಿಸಿದರೆ 1,305ಕ್ಕೆ ಬರುತ್ತದೆ, ಆರಾಮಾಗಿ ಹೋಗಬಹುದು.

ಟೋ ರೇಟಿಂಗ್ ಅಷ್ಟು ದೊಡ್ಡದಾಗಿ ಕಾಣಲು ಕಾರಣ ಇದೆ. ಎಸ್‌ಎಇ ಜೆ2807 ಎಂಬ ಪರೀಕ್ಷಾ ಮಾನದಂಡದಂತೆ ಅದನ್ನು ಅಳೆಯುತ್ತಾರೆ. ಅರಿಜೋನಾದ ಡೇವಿಸ್ ಡ್ಯಾಮ್ ಏರಿನ ಲೆಕ್ಕ ಅದರಲ್ಲಿ ಬರುತ್ತದೆ. ಆದರೆ ಗಾಡಿಯೊಳಗೆ ತಲಾ 150 ಪೌಂಡಿನ ಇಬ್ಬರು ಮಾತ್ರ ಇದ್ದಾರೆ ಎಂದು ಹಿಡಿಯುತ್ತಾರೆ. ಮಕ್ಕಳಿಲ್ಲ, ಬೆಡ್‌ನಲ್ಲಿ ಬೈಕ್ ಇಲ್ಲ.

ಒಂದು ತಪ್ಪು ಕಲ್ಪನೆ ಇಲ್ಲೇ ಹೋಗಲಿ. ಹಿಂದಿನ ಚಕ್ರಗಳ ಬಳಿ ಏರ್ ಬ್ಯಾಗ್ ಅಥವಾ ಹೆಚ್ಚುವರಿ ಸ್ಪ್ರಿಂಗ್ ಹಾಕಿಸಿದರೆ ಟ್ರಕ್ ಕುಸಿಯದೆ ನೆಟ್ಟಗೆ ನಿಲ್ಲುತ್ತದೆ, ನಿಜ. ಪೇಲೋಡ್ ಮಾತ್ರ ಒಂದು ಪೌಂಡೂ ಏರುವುದಿಲ್ಲ. ಆಕ್ಸಲ್, ಬ್ರೇಕ್, ಟೈರ್ ಎಲ್ಲ ಹಳೆಯವೇ ಇರುತ್ತವಲ್ಲ.

ನಿಮ್ಮ ಒಟ್ಟು ಮೊತ್ತ ಚೀಟಿಯ ಅಂಕಿಯ ಶೇ. 85ರೊಳಗೆ ಇರಲಿ ಎಂದು ನಾನು ಹೇಳುತ್ತೇನೆ. ಮಕ್ಕಳು ಬೆಳೆಯುತ್ತಾರೆ, ಸಾಮಾನೂ ಬೆಳೆಯುತ್ತದೆ.

ಹಂತ 5: ವರ್ಗ ಆರಿಸಿ

ಟಕೋಮಾ, ರಿಡ್ಜ್‌ಲೈನ್‌ನಂಥ ಮಧ್ಯಮ ಪಿಕಪ್: ಒಬ್ಬರು ಅಥವಾ ಇಬ್ಬರು, 300 ಪೌಂಡಿನೊಳಗಿನ ಬೈಕ್, 3,000 ಪೌಂಡಿನೊಳಗಿನ ಪುಟ್ಟ ಕ್ಯಾಂಪರ್. ತೂಕದ ಲೆಕ್ಕದಲ್ಲಿ ಇಷ್ಟಿದ್ದರೆ ನಡೆಯುತ್ತದೆ, ಆದರೆ ಇವುಗಳ ಬೆಡ್ ಗಿಡ್ಡ, ಹಂತ 2ರಲ್ಲಿ ಹೇಳಿದಂತೆ ಟೇಲ್‌ಗೇಟ್ ಮುಚ್ಚುತ್ತದೆಯೇ ಎಂದು ಅಳೆದು ನೋಡಿ. ಅದಕ್ಕಿಂತ ಹೆಚ್ಚಿಗೆ ಎಳೆದಾಡಬೇಡಿ.

ಹಾಫ್ ಟನ್: ಕ್ಯಾಂಪರ್ 4,500 ಪೌಂಡಿನೊಳಗಿದ್ದು, ಚೀಟಿಯಲ್ಲಿ 1,900ಕ್ಕಿಂತ ಜಾಸ್ತಿ ಪೇಲೋಡ್ ಇರುವ ಟ್ರಕ್ ಸಿಕ್ಕರೆ ತಗೊಳ್ಳಬಹುದು. ಅಂಥವು ಸಾಮಾನ್ಯವಾಗಿ ಕೆಳಗಿನ ದರ್ಜೆಯ, ಅಲಂಕಾರ ಕಡಿಮೆಯ ಮಾದರಿಗಳು. ಹುಡುಕಬೇಕಾಗುತ್ತದೆ.

ತ್ರೀ ಕ್ವಾರ್ಟರ್ ಟನ್: ಎಫ್-250, ರ‍್ಯಾಮ್ 2500, ಸಿಲ್ವರಾಡೋ 2500 ಎಚ್‌ಡಿ. ನಾಲ್ಕು ಜನರ ಕುಟುಂಬ, 400 ಪೌಂಡ್ ದಾಟಿದ ಬೈಕ್, 5,500ರ ಸುತ್ತಲಿನ ಕ್ಯಾಂಪರ್ ಇದ್ದವರಿಗೆ ನನ್ನ ಉತ್ತರ ಇದೇ. ಅದರಲ್ಲೂ ಪೆಟ್ರೋಲ್ ಎಂಜಿನ್‌ನದ್ದು. 3,000 ಪೌಂಡ್ ಆಸುಪಾಸಿನ ಪೇಲೋಡ್ ಇರುವ ಗಾಡಿಗಳು ಈ ವರ್ಗದಲ್ಲಿ ಸಿಗುತ್ತವೆ. ಮೇಲಿನ 1,805 ಅದರಲ್ಲಿ ಸುಲಭವಾಗಿ ಕೂರುತ್ತದೆ.

ಡೀಸೆಲ್ ಯಾಕೆ ಬೇಡ? ಎಳೆಯುವುದರಲ್ಲಿ ಅದನ್ನು ಯಾವುದೂ ಮೀರಿಸುವುದಿಲ್ಲ, ಎಂಜಿನ್ನಿನ ಹೊಗೆಯನ್ನು ತಡೆದು ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಇಳಿಜಾರಿನಲ್ಲಿ ದೊಡ್ಡ ಆಸರೆ. ಆದರೆ ಎಂಜಿನ್ ತಾನೇ ನೂರಾರು ಪೌಂಡ್ ಜಾಸ್ತಿ ತೂಗುತ್ತದೆ, ಆ ಭಾರ ಪೇಲೋಡ್‌ನಿಂದಲೇ ಕಳೆಯುತ್ತದೆ. ಐಷಾರಾಮಿ ದರ್ಜೆಯ ಡೀಸೆಲ್ ತ್ರೀ ಕ್ವಾರ್ಟರ್ ಟನ್‌ನಲ್ಲಿ ಪೇಲೋಡ್ 2,000ದ ಹತ್ತಿರಕ್ಕೆ ಇಳಿದಿರುವುದುಂಟು. ಭಾರದ ಟಾಯ್ ಹಾಲರ್‌ಗೆ ಡೀಸೆಲ್ ಬೇಕೇ ಬೇಕು ಅನ್ನಿಸಿದರೆ ಇನ್ನೂ ಹೆಚ್ಚು ಹೊರುವ ಒಂದು ಟನ್ ವರ್ಗಕ್ಕೆ ಹೋಗಿ.

ಎಲೆಕ್ಟ್ರಿಕ್ ಪಿಕಪ್‌ಗಳ ಬಗ್ಗೆಯೂ ಕೇಳುತ್ತಾರೆ. ಕ್ಯಾಂಪರ್ ಕಟ್ಟಿದರೆ ಅವುಗಳ ಓಟ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬಹಳಷ್ಟು ಚಾರ್ಜಿಂಗ್ ಜಾಗಗಳಲ್ಲಿ ಟ್ರೇಲರ್ ಬಿಚ್ಚಿಯೇ ನಿಲ್ಲಿಸಬೇಕು. ದೂರದ ಪ್ರಯಾಣಕ್ಕೆ ಸದ್ಯಕ್ಕೆ ನಾನು ಹೇಳುವುದಿಲ್ಲ.

ಹಂತ 6: ಬೆಟ್ಟದ ಲೆಕ್ಕ

ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಕೊಲರಾಡೋದ ಐ-70 ಹೆದ್ದಾರಿಯ ಐಸೆನ್‌ಹೋವರ್ ಸುರಂಗ 11,000 ಅಡಿಗಿಂತ ಎತ್ತರದಲ್ಲಿದೆ. ಅಲ್ಲಿ ಮೂರನೇ ಒಂದು ಭಾಗ ಶಕ್ತಿ ಹೋದಂತೆಯೇ. ಗಾಬರಿ ಬೇಡ, ಬಲಗಡೆಯ ಲೇನ್‌ನಲ್ಲಿ ನಿಧಾನವಾಗಿ ಹತ್ತಿದರಾಯ್ತು. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಭಾರ ಎಳೆಯುವಾಗ ಬಳಸುವ ಟೋ/ಹಾಲ್ ಮೋಡ್ ಒತ್ತಿ, ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬನ್ನಿ.

ಆಕ್ಸಲ್ ರೇಶಿಯೋ ಎಂಬ ಅಂಕಿಯನ್ನೂ ಕೇಳಿ ತಿಳಿಯಿರಿ. ಅದು ದೊಡ್ಡದಿದ್ದಷ್ಟು ಎಳೆತ ಸುಲಭ. 3.31ಕ್ಕಿಂತ 3.73 ಒಳ್ಳೆಯದು.

ಹಂತ 7: ಹಿಚ್ ಮತ್ತು ಬ್ರೇಕ್

ಹಿಚ್ ರಿಸೀವರ್ ಅಂದರೆ ಟ್ರಕ್ಕಿನ ಹಿಂದಿರುವ ಚೌಕದ ಕೊಳವೆ. ಅದರ ಮೇಲಿನ ಚೀಟಿಯಲ್ಲಿ ಸಾಮಾನ್ಯವಾಗಿ ಎರಡು ಅಂಕಿ ಇರುತ್ತವೆ. ಬರೀ ಗುಂಡಿಗೆ ಕಟ್ಟಿದರೆ ಒಂದು, ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕಿದರೆ ಇನ್ನೊಂದು. ಈ ಎರಡನೆಯದಕ್ಕೆ ಉದ್ದನೆಯ ಸ್ಪ್ರಿಂಗ್ ಸಲಾಕೆಗಳಿರುತ್ತವೆ. ಟ್ರಕ್ಕಿನ ಹಿಂಭಾಗದ ಮೇಲೆ ಬಿದ್ದ ಭಾರದಲ್ಲಿ ಸ್ವಲ್ಪವನ್ನು ಮುಂದಿನ ಚಕ್ರಗಳಿಗೂ ಟ್ರೇಲರ್ ಚಕ್ರಗಳಿಗೂ ಅವು ಹಂಚುತ್ತವೆ. ಬೈಕ್ ಹೊತ್ತ ಹಾಫ್ ಟನ್‌ಗೆ ಇದು ಬೇಕೇ ಬೇಕು. ಹೊಯ್ದಾಟ ತಡೆಯುವ ಸ್ವೇ ಕಂಟ್ರೋಲ್ ಕೂಡ ಅದರಲ್ಲೇ ಇರುವಂಥದ್ದನ್ನು ಕೊಳ್ಳಿ.

ಗಮನಿಸಿ: ಈ ಹಿಚ್ ಹೊಂದಿಸುವಾಗ ಬೈಕ್ ಬೆಡ್‌ನಲ್ಲೇ ಇರಬೇಕು. ಖಾಲಿ ಟ್ರಕ್ಕಿಗೆ ಹೊಂದಿಸಿ ಆಮೇಲೆ ಬೈಕ್ ಹತ್ತಿಸಿದರೆ ಹಿಂಭಾಗ ಕುಸಿದು ಹೊಂದಿಸಿದ್ದೆಲ್ಲ ಹಾಳು.

ಕ್ಯಾಂಪರ್‌ಗೆ ತನ್ನದೇ ಎಲೆಕ್ಟ್ರಿಕ್ ಬ್ರೇಕ್ ಇರುತ್ತದೆ. ಅದನ್ನು ನಡೆಸಲು ಟ್ರಕ್ಕಿನಲ್ಲಿ ಬ್ರೇಕ್ ಕಂಟ್ರೋಲರ್, 7 ಪಿನ್ ಪ್ಲಗ್ ಬೇಕು. ಕಾರ್ಖಾನೆಯಲ್ಲೇ ಹಾಕಿದ್ದು ಸಿಕ್ಕರೆ ಉತ್ತಮ.

ಹಂತ 8: ಬೈಕ್ ಹತ್ತಿಸುವ ಕ್ರಮ

ಕ್ಯಾಂಪರ್ ಕಟ್ಟಿದ ಮೇಲೆ ರ‍್ಯಾಂಪ್ ಇಡಲು ಜಾಗವೇ ಇರುವುದಿಲ್ಲ. ಆದ್ದರಿಂದ ಮೊದಲು ಬೈಕ್, ಆಮೇಲೆ ಕ್ಯಾಂಪರ್. ಇಳಿಸುವಾಗ ಮೊದಲು ಕ್ಯಾಂಪರ್ ಬಿಚ್ಚಿ, ಟ್ರಕ್ ಮುಂದಕ್ಕೆ ತಂದು, ಆಮೇಲೆ ಬೈಕ್. ಒಂದೇ ರಾತ್ರಿ ತಂಗುವ ಜಾಗದಲ್ಲಿ ಬೈಕ್ ಇಳಿಸುವ ಯೋಚನೆ ಬೇಡ.

ಟ್ರಕ್ಕಿನ ಹಿಂದಿನ ಚಕ್ರ ತಗ್ಗಿನಲ್ಲಿರುವಂತೆ ನಿಲ್ಲಿಸಿದರೆ ರ‍್ಯಾಂಪಿನ ಏರು ಕಡಿಮೆಯಾಗುತ್ತದೆ. ಸುಮಾರು 8 ಅಡಿ ಉದ್ದದ ರ‍್ಯಾಂಪ್ ಇರಲಿ, ಪಕ್ಕದಲ್ಲಿ ನೀವು ನಡೆಯಲು ಇನ್ನೊಂದು ಇರಲಿ. ರ‍್ಯಾಂಪನ್ನು ಬೆಲ್ಟ್ ಹಾಕಿ ಟ್ರಕ್ಕಿಗೆ ಬಿಗಿಯಿರಿ. ಬೈಕಿನ ಹಿಂದಿನ ಚಕ್ರ ತಿರುಗಿದಾಗ ಕಟ್ಟದ ರ‍್ಯಾಂಪ್ ಹಿಂದಕ್ಕೆ ಚಿಮ್ಮುತ್ತದೆ, ಜನ ಕಾಲು ಮುರಿದುಕೊಳ್ಳುವುದು ಹೀಗೇ. ಬೈಕ್ ಮೇಲೆ ಕೂತು ಹತ್ತಿಸಬೇಡಿ.

ಮುಂದಿನ ಚಕ್ರ ವೀಲ್ ಚಾಕ್‌ನಲ್ಲಿ, ಅಂದರೆ ಚಕ್ರ ಹಿಡಿಯುವ ಚೌಕಟ್ಟಿನಲ್ಲಿ ಕೂರಲಿ. ನಾಲ್ಕು ಮೂಲೆಗೆ ನಾಲ್ಕು ಬೆಲ್ಟ್. ಮುಂದಿನ ಫೋರ್ಕ್ ಅರ್ಧದಷ್ಟು ಕುಗ್ಗುವಂತೆ ಬಿಗಿದರೆ ಸಾಕು. ಪೂರ್ತಿ ಕುಗ್ಗಿಸಿದರೆ ಆಯಿಲ್ ಸೀಲ್‌ಗೆ ಪೆಟ್ಟು. ಮೊದಲ 50 ಮೈಲಿ ಆದ ಮೇಲೆ ನಿಲ್ಲಿಸಿ ಮತ್ತೆ ಬಿಗಿಯಿರಿ.

ಹಂತ 9: ಕಾಗದ ಮತ್ತು ಕಾನೂನು

ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ಗಾಡಿಗೆ ವೇಗದ ಮಿತಿ 55 ಮೈಲಿ. ಅಲ್ಲಿ ಕ್ಯಾಂಪರ್‌ನ ಜಿವಿಡಬ್ಲ್ಯುಆರ್ 10,000 ಪೌಂಡ್ ದಾಟಿದರೆ ಸಾಮಾನ್ಯ ಲೈಸೆನ್ಸ್ ಸಾಲದು. ಟಾಯ್ ಹಾಲರ್ ನೋಡುತ್ತಿರುವವರು ಇದನ್ನು ಮೊದಲೇ ಗಮನಿಸಿ. ಬೇರೆ ರಾಜ್ಯದವರು ತಮ್ಮ ಡಿಎಂವಿಯ (ವಾಹನ ಇಲಾಖೆಯ) ಪುಸ್ತಕ ನೋಡಿ. ಇನ್ಶೂರೆನ್ಸ್‌ನವರನ್ನು ಕೇಳುವಾಗ ಟ್ರಕ್ಕಿನಲ್ಲಿ ಸಾಗುತ್ತಿರುವ ಬೈಕಿಗೆ ರಕ್ಷಣೆ ಇದೆಯೇ ಎಂದೂ ಕೇಳಿ.

ಹಂತ 10: ತೂಗಿ ನೋಡಿ

ಎಲ್ಲ ಲೆಕ್ಕ ಆದ ಮೇಲೂ ವೇ ಬ್ರಿಡ್ಜ್‌ಗೆ ಹೋಗಲೇಬೇಕು. ಹೆದ್ದಾರಿಯ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ಫಲಕ ಕಾಣುತ್ತದೆ. ಖರ್ಚು ತೀರಾ ಕಡಿಮೆ. ಹೊರಡುವ ದಿನ ಹೇಗಿರುತ್ತದೋ ಹಾಗೇ ಹೋಗಿ: ಟ್ಯಾಂಕ್ ತುಂಬಿ, ಬೈಕ್ ಹತ್ತಿಸಿ, ಮನೆಯವರನ್ನೆಲ್ಲ ಕೂರಿಸಿಕೊಂಡು.

ಮೊದಲ ಸಲ ಕ್ಯಾಂಪರ್ ಸಮೇತ ತೂಗಿಸಿ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಆಕ್ಸಲ್ ಎಂದು ಮೂರು ಅಂಕಿ ಬರುತ್ತವೆ. ಆಮೇಲೆ ಕ್ಯಾಂಪರನ್ನು ಪಕ್ಕದಲ್ಲಿ ಬಿಚ್ಚಿಟ್ಟು ಟ್ರಕ್ ಮಾತ್ರ ತೂಗಿಸಿ. ಮೊದಲ ಚೀಟಿಯ ಮುಂದಿನ, ಹಿಂದಿನ ಆಕ್ಸಲ್ ಕೂಡಿಸಿ, ಅದರಿಂದ ಎರಡನೇ ಚೀಟಿಯ ಟ್ರಕ್ ತೂಕ ಕಳೆದರೆ ಕ್ಯಾಂಪರ್ ನಿಮ್ಮ ಟ್ರಕ್ ಮೇಲೆ ಹಾಕಿರುವ ಭಾರ ಗೊತ್ತಾಗುತ್ತದೆ. ಮೂರು ಅಂಕಿಗಳನ್ನೂ ಬಾಗಿಲ ಚೀಟಿ, ಕ್ಯಾಂಪರ್ ಚೀಟಿಯ ಮಿತಿಗಳ ಜೊತೆ ಹೋಲಿಸಿ.

ಹೆಚ್ಚಾಗಿ ಮೀರುವುದು ಹಿಂದಿನ ಆಕ್ಸಲ್. ಹಾಗಾದರೆ ಮೊದಲು ಬೆಡ್‌ನಲ್ಲಿರುವ ಟೂಲ್ ಬಾಕ್ಸ್, ಜನರೇಟರ್‌ನಂಥವನ್ನು ತೆಗೆದು ಕ್ಯಾಂಪರ್‌ನ ಒಳಗೆ ಆಕ್ಸಲ್ ನೇರಕ್ಕೆ ಇಡಿ. ಕ್ಯಾಂಪರ್‌ನ ಮುಂಭಾಗದ ಡಬ್ಬಿಯಲ್ಲಿ ಭಾರದ ಸಾಮಾನಿದ್ದರೆ ಅದನ್ನೂ ಅಲ್ಲಿಗೇ ಸರಿಸಿ. ಟಂಗ್ ವೇಟ್ ಶೇ. 10ಕ್ಕಿಂತ ಇಳಿಯದಂತೆ ನೋಡಿಕೊಳ್ಳಿ. ಹಿಚ್‌ನ ಸಲಾಕೆಗಳನ್ನು ಇನ್ನೊಂದಿಷ್ಟು ಬಿಗಿ ಮಾಡಿ ನೋಡಿ. ಅಷ್ಟಾದರೂ ಮೀರಿದರೆ ಆ ಟ್ರಕ್ಕಿನಲ್ಲಿ ಆ ಬೈಕ್ ಒಯ್ಯಬೇಡಿ, ಹಗುರದ್ದನ್ನು ಹತ್ತಿಸಿ ಮತ್ತೆ ತೂಗಿಸಿ.